ಹನ್ನೆರಡೋ, ಇಪ್ಪತ್ತೋ?

ಬೇಲಿಯಾಚೆಯ ಹುಡುಗ ನಿನ್ನೆ ಸಂಜೆ ತೋಟದ ಕೆಲಸ ಮುಗಿಸಿ ಬಂದವನೇ, "ಅಣ್ಣ, ಒಂದು ಕೋವಿ ತಗೋಬೇಕು. ಹನ್ನೆರಡರದ್ದೋ, ಇಪ್ಪತ್ತರದ್ದೋ?" ಅಂದ. ಸೆಪ್ಟೆಂಬರ್ 3ರ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್‌ಗೆ ಇನ್ನು ಎರಡೇ ವಾರ. ಕೊಡಗಿನಲ್ಲಿ ಈಗ ಯಾರ ಬೇಲಿ ಹತ್ತಿರ ನಿಂತರೂ ಕೋವಿಯದೇ ಮಾತು.

ಇಪ್ಪತ್ತು ದೊಡ್ಡದು ಅಂತ ಅವನ ತಲೆಯಲ್ಲಿತ್ತು. ಅದು ಹಾಗಲ್ಲ. ಒಂದು ಪೌಂಡ್ ಸೀಸದಲ್ಲಿ ಸಮನಾದ ಹನ್ನೆರಡು ಉಂಡೆ ಕಟ್ಟಿದರೆ, ಒಂದು ಉಂಡೆ ಹಿಡಿಸುವಷ್ಟು ಅಗಲದ ನಳಿಗೆ 12 ಬೋರ್. ಇಪ್ಪತ್ತು ಕಟ್ಟಿದರೆ ಉಂಡೆ ಸಣ್ಣದಾಯಿತು, ನಳಿಗೆಯೂ ಸಣ್ಣದಾಯಿತು. ಹನ್ನೆರಡರದು 18.5 ಮಿ.ಮೀ., ಇಪ್ಪತ್ತರದು 15.6.

"ಇಪ್ಪತ್ತು ಹಗುರ ಅಂತಾರಲ್ಲ?" ಹೌದು, ಹಗುರ. ದಿನವಿಡೀ ಹಕ್ಕಿಯ ಹಿಂದೆ ಅಲೆಯುವವರಿಗೆ ಅದು ದೊಡ್ಡ ಅನುಕೂಲ. ಆದರೆ ನಮ್ಮಲ್ಲಿ ಬೇಟೆ ಎಲ್ಲಿದೆ? 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಹಂದಿಗೆ ಯಾವ ಗುಂಡು, ಹಕ್ಕಿಗೆ ಯಾವ ಚರೆ ಅನ್ನುವ ಅಜ್ಜಂದಿರ ವಾದ ಜಗಲಿಯ ಕತೆಯಾಗಿ ಉಳಿಯಿತು, ಹಾಗೆಯೇ ಉಳಿಯಲಿ. ಈಗ ಕೋವಿಗೆ ಇರುವ ಕೆಲಸ ಹಬ್ಬದಲ್ಲಿ ತೆಂಗಿನಕಾಯಿಗೆ ಗುರಿಯಿಡುವುದು, ಗಂಡು ಮಗು ಹುಟ್ಟಿದರೆ ಒಂದು ಈಡು, ಸಾವಾದರೆ ಎರಡು, ಮತ್ತೆ ಒಂಟಿಮನೆಯ ಧೈರ್ಯ. ಆ ಧೈರ್ಯದ ಮಾತಿಗೆ ಬಂದರೂ ಅಷ್ಟೇ: ಹತ್ತು ಹೆಜ್ಜೆಯೊಳಗೆ ಚರೆ ಅಷ್ಟೇನೂ ಹರಡುವುದಿಲ್ಲ, ಯಾವ ಬೋರ್ ಆದರೂ ಗುರಿ ಸರಿಯಿರಬೇಕು. ಹಲಗೆಯ ಗೋಡೆಯನ್ನು ಎರಡೂ ದಾಟುತ್ತವೆ, ಆಚೆ ಕೋಣೆಯಲ್ಲಿ ಮಕ್ಕಳು ಮಲಗಿರುತ್ತಾರೆ.

ನನ್ನ ಚಿಂತೆ ಬೇರೆ ಇತ್ತು. ಅವನ ಮನೆಯಲ್ಲಿ ಅಜ್ಜನ 12ರ ಜೋಡುನಳಿಗೆ ಈಗಾಗಲೇ ಇದೆ. ಒಳಗಿಂದ ನನ್ನ 12ರ ಕೋವಿ ತಂದೆ, ಮಡಚಿ ಖಾಲಿ ಅಂತ ಇಬ್ಬರೂ ನೋಡಿದೆವು. ನೆಂಟರು ಬಿಟ್ಟುಹೋದ, ಹೊಡೆದು ಬರಿದಾದ 20ರ ಹಳದಿ ತೋಟಾ ಒಂದಿತ್ತು. ಅದನ್ನು ನಳಿಗೆಯ ಹಿಂದಿನ ಬಾಯಿಗೆ ಹಾಕಿದೆ. ಸರ್ರನೆ ಜಾರಿ, ನಳಿಗೆ ಕಿರಿದಾಗುವ ಕಡೆ ಅದರ ಅಂಚು ಸಿಕ್ಕಿಕೊಂಡು ನಿಂತಿತು. ಅದರ ಹಿಂದೆ ಬರಿದಾದ 12ರದೊಂದನ್ನು ಇಟ್ಟೆ. ಸರಿಯಾಗಿ ಕೂತಿತು. ಕೋವಿ ಏನೂ ಆಗದ ಹಾಗೆ ಮುಚ್ಚಿಕೊಂಡಿತು.

ಹುಡುಗನ ಮುಖ ಬಿಳಿಚಿತು. ಕತ್ತಲಲ್ಲಿ, ಗಡಿಬಿಡಿಯಲ್ಲಿ ತಪ್ಪಿ 20ರದು ಹಾಕಿ ಕುದುರೆ ಎಳೆದರೆ ಸದ್ದೇ ಬರುವುದಿಲ್ಲ. ತೋಟಾ ಹಾಕಲು ಮರೆತೆ ಅಂದುಕೊಂಡು ಇನ್ನೊಂದು ತುಂಬಿ ಹೊಡೆದರೆ, ನಳಿಗೆ ಸಿಡಿಯುವುದು ಎಡಗೈ ಹಿಡಿದ ಜಾಗದಲ್ಲೇ. 20ರ ತೋಟಾಕ್ಕೆ ಹಳದಿ ಬಣ್ಣ ಕೊಟ್ಟಿರುವುದು ಈ ಒಂದೇ ಕಾರಣಕ್ಕೆ. ಕತ್ತಲಲ್ಲಿ ಹಳದಿ ಕಾಣುತ್ತದೆಯೇ?

"ಹಾಗಾದರೆ ಹನ್ನೆರಡೇ" ಅಂದ. ಒಂದು ಮನೆಗೆ ಒಂದೇ ಬೋರ್, ಅದೂ ಪೇಟೆಯಲ್ಲಿ ತೋಟಾ ಸುಲಭವಾಗಿ ಸಿಗುವ 12. ಅಜ್ಜನ ಕೋವಿಯನ್ನೇ ಒಳ್ಳೆಯ ಕೆಲಸದವನಿಗೆ ತೋರಿಸಿ ಸರಿಮಾಡಿಸಿಕೋ ಅಂದೆ.

ಹಬ್ಬಕ್ಕೆ ಕೋವಿ ಇಳಿಸಿ ಒರೆಸಿ, ತೋಕ್‌ಪೂ, ಅಂದರೆ ಕೋವಿಹೂ, ಮುಡಿಸುವ ಮೊದಲು ತೋಟಾ ಪೆಟ್ಟಿಗೆಯನ್ನು ಹಗಲು ಬೆಳಕಿನಲ್ಲಿ ಸುರಿದು ನೋಡಿ. ಹಳದಿಯದೊಂದು ಬೆರೆತಿದ್ದರೂ ದಯವಿಟ್ಟು ಅವತ್ತೇ ಬೇರೆ ಮಾಡಿ.