ಯಜಮಾನರಿಗೆ ಫೋನ್ ಕೊಡಿ

ನನ್ನ ಕಂಠ ಕೀಚಲು. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನ ಮಾತಿಗೆ ಅನುಕೂಲ. ಫೋನಿನಲ್ಲಿ "ಹಲೋ" ಅಂದರೆ ಸಾಕು, ಆ ಕಡೆಯಿಂದ "ಅಮ್ಮಾ, ಯಜಮಾನರಿದ್ರೆ ಸ್ವಲ್ಪ ಕೊಡ್ತೀರಾ?" ಅನ್ನುತ್ತಾರೆ. ಮೊದಮೊದಲು "ನಾನೇ ಕಣ್ರೀ ಯಜಮಾನ" ಎಂದು ವಾದಕ್ಕಿಳಿಯುತ್ತಿದ್ದೆ. ಈಗ "ಒಂದ್ನಿಮಿಷ, ಕರೀತೀನಿ" ಎಂದು ಫೋನನ್ನು ಮೇಜಿನ ಮೇಲಿಟ್ಟು, ನೀರು ಕುಡಿದು, ಕೆಮ್ಮಿ, ದಪ್ಪ ದನಿ ಮಾಡಿಕೊಂಡು "ಯಾರು?" ಅನ್ನುತ್ತೇನೆ. "ಸಿಗಲಿಲ್ವಾಮ್ಮಾ ಅವರು?" ಎಂದು ಆಗಲೂ ಕೆಲವರು ಕೇಳುವುದುಂಟು. ನಮ್ಮಾಕೆಯದು ತದ್ವಿರುದ್ಧ. ಮಹಡಿಯಿಂದ ಆಕೆ "ಸೊಪ್ಪು ಹೇಗಪ್ಪಾ?" ಅಂದರೆ ತಳ್ಳುಗಾಡಿ ನಿಲ್ಲುತ್ತದೆ, ಅದರ ಹಿಂದೆ ಬರುತ್ತಿದ್ದ ಆಟೋನೂ ನಿಲ್ಲುತ್ತದೆ.

ಇಂಥವನಿಗೆ ಬೇಸಿಗೆ ರಜದಲ್ಲಿ ನಮ್ಮ ಬೀದಿಯವರು ಗಂಟುಬಿದ್ದರು. "ಮಕ್ಕಳು ಮೊಬೈಲ್ ಬಿಡ್ತಾ ಇಲ್ಲ ಮೇಷ್ಟ್ರೇ, ಒಂದು ನಾಟಕ ಹೇಳ್ಕೊಡಿ." ಸಂಸ್ಕೃತದ ಮೇಷ್ಟ್ರಾಗಿ ನಿವೃತ್ತನಾದವನಿಗೆ ಎಲ್ಲವೂ ಬರುತ್ತದೆಂದು ಚಾಮರಾಜಪೇಟೆಯವರ ನಂಬಿಕೆ. ಅದು ಜಾಗದ ಗುಣ. ಪಂಪ ಮಹಾಕವಿ ರಸ್ತೆಯಲ್ಲಿ ಸಾಹಿತ್ಯ ಪರಿಷತ್ತು, ಸಂಸ್ಕೃತ ಕಾಲೇಜು, ಸಂಸ್ಕೃತ ವಿಶ್ವವಿದ್ಯಾಲಯ ಎಲ್ಲ ಇವೆ. ತರಕಾರಿ ತರಲು ಹೋದವನೂ ಒಬ್ಬರಾದರೂ ವಿದ್ವಾಂಸರಿಗೆ ಡಿಕ್ಕಿ ಹೊಡೆದೇ ಮನೆ ಸೇರಬೇಕು. ಪೇಟೆಗೆ ಹೆಸರು ಕೊಟ್ಟ ಚಾಮರಾಜೇಂದ್ರ ಒಡೆಯರೂ ನಾಟಕದ ಹುಚ್ಚಿನವರೇ. ಅರಮನೆಯ ಆಶ್ರಯದಲ್ಲಿ ಕಂಪನಿ ಕಟ್ಟಿಸಿ, ಬಸವಪ್ಪ ಶಾಸ್ತ್ರಿಗಳಿಂದ ಶಾಕುಂತಲವನ್ನು ಕನ್ನಡಕ್ಕೆ ತರಿಸಿ ಆಡಿಸಿದರು. ಆ ಕಾಲದ ಶಕುಂತಲೆಯರು ಬಣ್ಣ ಹಚ್ಚಿಕೊಳ್ಳುವ ಮೊದಲು ಗಡ್ಡ ಹೆರೆಸಿಕೊಳ್ಳಬೇಕಾಗಿತ್ತು ಅನ್ನುವುದು ಬೇರೆ ವಿಷಯ.

ನಾನು ಆರಿಸಿದ್ದು ಶೂದ್ರಕನ ಮೃಚ್ಛಕಟಿಕ. ಬನ್ನಂಜೆ ಗೋವಿಂದಾಚಾರ್ಯರು ಅದನ್ನು 'ಆವೆಯ ಮಣ್ಣಿನ ಆಟದ ಬಂಡಿ' ಎಂದು ಕನ್ನಡಿಸಿದ್ದಾರೆ. ಆರಿಸಿದ್ದಕ್ಕೆ ಕಾರಣ ಮಾತ್ರ ಶುದ್ಧ ಸ್ವಾರ್ಥ. ಮೂರನೆಯ ಅಂಕದಲ್ಲಿ ನಾಯಕ ಚಾರುದತ್ತ ರೇಭಿಲನೆಂಬ ಗಾಯಕನ ಹಾಡು ಕೇಳಿ ರಾತ್ರಿ ಮನೆಗೆ ಬರುತ್ತಾನೆ. ಹಾಡಿದವನು ಮರೆಯಲ್ಲಿದ್ದಿದ್ದರೆ ಹೆಣ್ಣೆಂದೇ ತಿಳಿಯುತ್ತಿದ್ದೆ ಎಂದು ಅವನ ಹೊಗಳಿಕೆ. ಗಮನಿಸಿ, ಹೊಗಳಿಕೆ! ಇಡೀ ಭರತಖಂಡದಲ್ಲಿ ನನ್ನ ಕಷ್ಟ ಅರ್ಥವಾದದ್ದು ಇವನೊಬ್ಬನಿಗೇ. ಪಕ್ಕದಲ್ಲಿ ನಿದ್ದೆಗಣ್ಣಿನ ಗೆಳೆಯ ಮೈತ್ರೇಯ. ಹೆಂಗಸು ಸಂಸ್ಕೃತ ಓದುವುದು, ಗಂಡಸು ಸಣ್ಣ ದನಿಯಲ್ಲಿ ಹಾಡುವುದು, ಇವೆರಡನ್ನು ಕಂಡರೆ ತನಗೆ ನಗು ಬರುತ್ತದಂತೆ. ಇಂಥವರು ಪ್ರತಿ ಮದುವೆಮನೆಯಲ್ಲೂ ಸಿಗುತ್ತಾರೆ, ಊಟದ ಪಂಕ್ತಿಯಲ್ಲಿ ನನ್ನ ಪಕ್ಕದಲ್ಲೇ ಕೂರುತ್ತಾರೆ. ಆದರೆ ಶೂದ್ರಕ ಕಿಲಾಡಿ. ಮುಂದಿನ ಅಂಕದಲ್ಲಿ ಇದೇ ಮೈತ್ರೇಯ ನಾಯಕಿ ವಸಂತಸೇನೆಯ ಮನೆಗೆ ಹೋದರೆ, ಅದುವರೆಗೆ ನಾಟಕದ ಹೆಂಗಸರಂತೆ ಪ್ರಾಕೃತವನ್ನಾಡುತ್ತಿದ್ದ ಆಕೆ ಬೇಕೆಂದೇ ಸಂಸ್ಕೃತಕ್ಕೆ ತಿರುಗಿ ಅವನನ್ನು ಮಾತಾಡಿಸುತ್ತಾಳೆ. ಮೈತ್ರೇಯನಿಗೆ ನಗು ಬಂದ ಸುದ್ದಿಯೇ ಇಲ್ಲ. ಅಷ್ಟು ಸಿರಿವಂತೆ ಕುಡಿಯಲಿಕ್ಕೂ ಏನೂ ಕೊಡಲಿಲ್ಲ ಅನ್ನುವುದಷ್ಟೇ ಆಮೇಲೆ ಅವನ ದೂರು.

ಪಾತ್ರ ಹಂಚಲು ಚೀಟಿ ಎತ್ತಿಸಿದೆ. ನನ್ನ ಧೈರ್ಯ ಅಷ್ಟೇ. ವಸಂತಸೇನೆ ಬಂದದ್ದು ದನಿ ಒಡೆಯುತ್ತಿರುವ ಹುಡುಗನೊಬ್ಬನಿಗೆ. ಖಳ ಶಕಾರ ಬಂದದ್ದು ಹಿಂದಿನ ಬೀದಿಯ ಹುಡುಗಿಗೆ. ಆಕೆಯ ಮಾತು ಅವಳ ತುಟಿಯನ್ನೇ ದಾಟುತ್ತಿರಲಿಲ್ಲ. ಹುಡುಗನ ತಾಯಿ ಅಂದೇ ಸಂಜೆ ಬಂದರು. "ನಮ್ಮ ಹುಡುಗನಿಗೆ ಹೆಣ್ಣು ಪಾರ್ಟಾ ಮೇಷ್ಟ್ರೇ?"

ನಾನು ನಾಟ್ಯಶಾಸ್ತ್ರವನ್ನೇ ಇಳಿಸಿದೆ. ವಯಸ್ಸು, ಲಿಂಗ ಎರಡೂ ಹೊಂದಿದರೆ ಅನುರೂಪ. ಮಗು ಮುದುಕನಾಗಿಯೋ ಮುದುಕ ಮಗುವಾಗಿಯೋ ಬಂದರೆ ವಿರೂಪ. ಗಂಡು ಹೆಣ್ಣಾಗಿ, ಹೆಣ್ಣು ಗಂಡಾಗಿ ಬಂದರೆ ರೂಪಾನುಸಾರಿಣಿ. ಭರತಮುನಿಯೇ ಕೊಟ್ಟ ಪರವಾನಗಿ. ಅವರು ಕದಲಲಿಲ್ಲ. ಕೊನೆಗೆ ಮೈಸೂರಿನ ಆರ್. ನಾಗರತ್ನಮ್ಮನವರ ಹೆಸರು ಹೇಳಿದೆ. 1958ರಲ್ಲಿ ಹೆಂಗಸರದ್ದೇ ಸ್ತ್ರೀ ನಾಟಕ ಮಂಡಳಿ ಕಟ್ಟಿ ಕಂಸ, ರಾವಣ, ದುರ್ಯೋಧನರಾಗಿ ಗುಡುಗಿ, 2012ರಲ್ಲಿ ಪದ್ಮಶ್ರೀ ಪಡೆದವರು. "ಅವರ ಕಂಸನ್ನ ನಮ್ಮಜ್ಜಿ ನೋಡಿದ್ರಂತೆ, ಹೆದರಿಕೊಂಡಿದ್ರಂತೆ" ಎಂದು ತಾಯಿ ತಣ್ಣಗಾದರು. ಮುನಿಗಿಂತ ಅಜ್ಜಿ ದೊಡ್ಡವಳು. ಮಾರನೆಯ ದಿನ ಅವರೇ ತಮ್ಮ ಮೈಸೂರು ಸಿಲ್ಕ್ ಸೀರೆಯನ್ನು ಪಿನ್ನು ಸಮೇತ ಕಳಿಸಿಕೊಟ್ಟರು.

ದನಿಯ ಪಾಠ ತಾರಸಿಯ ಮೇಲೆ. ಎದೆ, ಕೊರಳು, ತಲೆ, ಸ್ವರ ಹುಟ್ಟುವ ಸ್ಥಾನ ಮೂರೆಂದು ಭರತ ಹೇಳುತ್ತಾನೆ. ಎದೆಯ ಮೇಲೆ ಅಂಗೈ ಇಟ್ಟು ಹೂಂಕರಿಸಿದರೆ ಕೈಗೆ ನಡುಕ ಸಿಗಬೇಕು. ಸ್ವರ ಏರಿಸಿದರೆ ನಡುಕ ಕೈಬಿಟ್ಟು ಮೂಗಿನ ಬುಡಕ್ಕೆ ಹತ್ತಬೇಕು. ಆಮೇಲೆ ಕಾಕು, ಅಂದರೆ ದನಿಯ ತಿರುವಿನಿಂದಲೇ ಮಾತಿನ ಅರ್ಥ ಬದಲಿಸುವುದು. "ಊಟ ಆಯ್ತಾ?" ಎಂಬ ಒಂದೇ ಮಾತನ್ನು ತಾಯಿಯಾಗಿ, ಸಾಲ ಕೊಟ್ಟವನಾಗಿ, ಊಟ ಹಾಕಲು ಮನಸ್ಸಿಲ್ಲದ ನೆಂಟನಾಗಿ ಹೇಳಿಸಿದೆ. ಮೂರನೆಯದು ಎಲ್ಲರಿಗೂ ಸಲೀಸಾಗಿ ಬಂತು. ಹುಡುಗನ ದನಿ ಮಾತ್ರ ನಡುವೆಯೇ, ಕಾವೇರಿ ನೀರು ಬರುವ ಮುಂಚೆ ನಲ್ಲಿ ಬಿಡುವ ಗಾಳಿಯ ಹಾಗೆ ಗೊರಗೊರ ಅನ್ನುತ್ತಿತ್ತು. ಅವನಿಗೆ ಅಳು. ಅಟ್ಟಿಸಿಕೊಂಡು ಬರುವವರಿಂದ ಓಡುತ್ತಿರುವ ವಸಂತಸೇನೆಯ ದನಿ ಇನ್ನು ಹೇಗಿರುತ್ತದಪ್ಪ ಅಂದೆ. ಅಲ್ಲಿಂದಾಚೆ ದನಿ ಒಡೆದ ಕಡೆ ಅವನೇ ಒಂದು ಗಳಿಗೆ ನಿಂತು ಹಿಂದೆ ತಿರುಗಿ ನೋಡತೊಡಗಿದ. ನಾನು ಹೇಳಿಕೊಟ್ಟದ್ದಲ್ಲ.

ಹುಡುಗಿಯ ದಾರಿಯೇ ಬೇರೆ. ಶಕಾರ ರಾಜನ ಮೈದುನ (ರಾಜಶ್ಯಾಲ), ದಡ್ಡ, 'ಸ' ಎನ್ನಲಾರದೆ 'ಶ' ಅನ್ನುವವನು. ಕುಂತಿಯನ್ನು ರಾವಣನ ಕೈಗೆ ಕೊಡುತ್ತಾನೆ, ಹನುಮಂತನಿಂದ ಸುಭದ್ರೆಯನ್ನು ಹೊತ್ತೊಯ್ಯಿಸುತ್ತಾನೆ. ಎಲ್ಲವನ್ನೂ ತಪ್ಪೇ ಹೇಳಬೇಕಾದ ಪಾತ್ರದಲ್ಲಿ ತಪ್ಪಾದೀತೆಂಬ ಭಯಕ್ಕೆ ಜಾಗವೆಲ್ಲಿ? "ನಾನು ರಾಜಶಾಲ!" ಎಂದು ಒಂದು ದಿನ ಆಕೆ ಕೂಗಿದ್ದಕ್ಕೆ ಕೆಳಗೆ ಮೊಳ ಹಾಕುತ್ತಿದ್ದ ಹೂವಿನಮ್ಮ ಅಳತೆ ತಪ್ಪಿ ಗಿರಾಕಿಗೆ ಹೆಚ್ಚೇ ಕೊಟ್ಟುಬಿಟ್ಟಳಂತೆ. ಮನೆಯಲ್ಲಿ ಅಣ್ಣನಿಗೂ ಈಗ ಅದೇ ದನಿಯಲ್ಲಿ "ಶುಮ್ನಿರು" ಅನ್ನುತ್ತಾಳೆಂದು ಅವಳ ತಂದೆ ನನ್ನ ಮೇಲೆ ಹುಸಿಮುನಿಸು ತೋರಿದರು.

ಮುಂದಿನ ರಜಕ್ಕೆ ಶಾಕುಂತಲ ಅಂದುಕೊಂಡಿದ್ದೇನೆ. ಹುಡುಗಿಗೆ ದೂರ್ವಾಸನ ಪಾತ್ರ ಕೊಡೋಣವೆಂದರೆ ಆಕೆ ಆಗಲೇ ಪುಸ್ತಕ ತಿರುವಿಹಾಕಿ ಬಂದಿದ್ದಳು. "ಮೇಷ್ಟ್ರೇ, ಆ ಋಷಿ ಸ್ಟೇಜಿಗೇ ಬರಲ್ಲ, ಪರದೆ ಹಿಂದಿನಿಂದ ಶಾಪ ಕೊಟ್ಟು ಹೋಗ್ತಾನೆ. ನನಗೆ ಹಾಗೆಲ್ಲ ಬೇಡ. ನಾನು ಮುಂದೆ ಬಂದೇ ಬೈತೀನಿ." ಕಾಳಿದಾಸನನ್ನು ಹೇಗಾದರೂ ಒಪ್ಪಿಸಬಹುದು. ಸದ್ಯಕ್ಕೆ ಆಕೆಯ ಅಳತೆಯ ಗಡ್ಡ ಬಾಡಿಗೆಗೆ ಎಲ್ಲಿ ಸಿಗುತ್ತದೆಂದು ವಿಚಾರಿಸುತ್ತಿದ್ದೇನೆ.