ಸೆಟ್ಟಿಂಗ್ ಪಾಲಕರು

ತಾಲ್ಲೂಕು ಕೇಂದ್ರದ ಬಸ್‌ಸ್ಟ್ಯಾಂಡ್ ಎದುರು ‘ಜೆರಾಕ್ಸ್, ಲ್ಯಾಮಿನೇಷನ್, ಪಹಣಿ, ಆನ್‌ಲೈನ್ ಅರ್ಜಿ’ ಎಂದು ಬೋರ್ಡು ತೂಗುಹಾಕಿದ ಸೈಬರ್ ಸೆಂಟರಿನ ಮಾಲೀಕರೇ ಸೆಟ್ಟಿಂಗ್ ಪಾಲಕರು. ನಾಲ್ಕೈದು ಕಂಪ್ಯೂಟರುಗಳ ಒಡೆಯರಾದರೂ ಅವರ ಜೀವವೆಲ್ಲ ಇರುವುದು ಬ್ರೌಸರಿನ ಬಲಮೂಲೆಯ ಮೂರು ಚುಕ್ಕಿಗಳಲ್ಲಿ. ಗಿರಾಕಿಯ ಮೌಸು ಅತ್ತ ಹೊರಳಿದರೆ ಸಾಕು, ಕೌಂಟರಿನಿಂದ ದನಿ ಬರುತ್ತದೆ: “ಅಲ್ಲೇನಿಲ್ಲ, ಕೆಳಗೆ ಬನ್ನಿ.” ಕೈ ಜೆರಾಕ್ಸ್ ಮೆಷೀನಿನಲ್ಲಿ ಸಿಕ್ಕ ಕಾಗದ ಎಳೆಯುತ್ತಿದ್ದರೂ ಕಣ್ಣು ಮಾನಿಟರುಗಳ ಮೇಲೇ ಇರುತ್ತದೆ.

ಇದನ್ನು ಬರಿಯ ಸ್ವಭಾವ ಎನ್ನುವಂತಿಲ್ಲ, ಕಾನೂನಿನ ಬಲವೂ ಇದಕ್ಕಿದೆ. ಕೇಂದ್ರ ಸರ್ಕಾರ 2011ರಲ್ಲಿ ಸೈಬರ್ ಕೆಫೆಗಳಿಗೆಂದೇ ನಿಯಮಗಳನ್ನು ಹೊರಡಿಸಿತು. ಗಿರಾಕಿಯ ಗುರುತಿನ ಚೀಟಿ ನೋಡಬೇಕು, ರಿಜಿಸ್ಟರ್ ಇಡಬೇಕು, ನೋಡಿದ ಜಾಲತಾಣಗಳ ದಾಖಲೆಯನ್ನು ಕನಿಷ್ಠ 1 ವರ್ಷ ಕಾಪಾಡಬೇಕು, ಅಡ್ಡತಡಿಕೆಯ ಎತ್ತರ ನಾಲ್ಕೂವರೆ ಅಡಿ ಮೀರಬಾರದು. ಬಳಕೆದಾರರು ಕಂಪ್ಯೂಟರಿನ ಸೆಟ್ಟಿಂಗ್ ತಿದ್ದದಂತೆ ಸಾಕಷ್ಟು ಕ್ರಮ ಕೈಗೊಳ್ಳಬೇಕು ಎಂಬುದೂ ಅದರಲ್ಲಿದೆ. ಪಾಲಕರು ಈ ನಿಯಮಗಳನ್ನು ಓದಿದವರಲ್ಲ. ಕೊನೆಯದೊಂದನ್ನು ಮಾತ್ರ ಓದದೆಯೇ ಚಾಚೂ ತಪ್ಪದೆ ಪಾಲಿಸುತ್ತಾರೆ.

ಸೆಟ್ಟಿಂಗ್ ಕೆಡಿಸುವವರಲ್ಲಿ ಕಿಡಿಗೇಡಿಗಳು ಕಡಿಮೆ. ಬಹುಪಾಲು ಜನ ಸಾಧುಗಳು. ಪರದೆಯ ಮೇಲೆ ಏನು ಮೂಡಿದರೂ ‘ಅಲೋ’ ಒತ್ತುವವರು ಮೊದಲನೆಯ ವರ್ಗ. ಅವರು ಎದ್ದು ಹೋದ ಮೇಲೂ ಲಾಟರಿ ಹೊಡೆದ ಸುದ್ದಿ ಮೂಲೆಯಲ್ಲಿ ಟಣ್ ಎನ್ನುತ್ತಲೇ ಇರುತ್ತದೆ. ‘ಪಾಸ್‌ವರ್ಡ್ ಉಳಿಸಲೇ?’ ಎಂದು ಬ್ರೌಸರ್ ಕೇಳಿದ್ದಕ್ಕೆ ಬೇಡ ಎಂದರೆ ಬೇಸರವಾದೀತೆಂದು ಒಪ್ಪಿಕೊಳ್ಳುವವರು ಎರಡನೆಯವರು. ಅವರ ಸ್ಕಾಲರ್‌ಶಿಪ್ ಖಾತೆಯ ಪಾಸ್‌ವರ್ಡು ಮುಂದಿನ ಹುಡುಗನಿಗೆ ಸಿದ್ಧವಾಗಿ ಕಾದಿರುತ್ತದೆ. ಮೂರನೆಯವರಿಗೆ ಕಣ್ಣು ಮಂಜು. ನಿವೃತ್ತ ಮೇಷ್ಟ್ರೊಬ್ಬರು ಪಹಣಿ ನೋಡಲು ಕೂತು ಕಂಟ್ರೋಲ್ ಕೀಲಿಯ ಮೇಲೆ ಕೈಯಿಟ್ಟು ಮೌಸಿನ ಚಕ್ರ ತಿರುಗಿಸುತ್ತಾರೆ. ಪರದೆಯ ತುಂಬ ಸರ್ವೆ ನಂಬರಿನ ಅರ್ಧ ಮಾತ್ರ ಉಳಿಯುತ್ತದೆ.

“ಮೇಷ್ಟ್ರೇ, ಇದನ್ನ ಯಾರು ದೊಡ್ಡದು ಮಾಡಿದ್ದು?”

“ತಾನಾಗೇ ಆಯ್ತಪ್ಪ. ಚೆನ್ನಾಗೇ ಕಾಣಿಸ್ತಿದೆ, ಬಿಡು.”

ಒಂದೊಂದು ಜಾಲತಾಣದ ಅಕ್ಷರದ ಗಾತ್ರವನ್ನೂ ಕ್ರೋಮ್ ಬೇರೆಬೇರೆಯಾಗಿ ನೆನಪಿಟ್ಟುಕೊಳ್ಳುತ್ತದೆ. ಹಾಗಾಗಿ ಸಂಜೆಯವರೆಗೆ ಆ ಕಂಪ್ಯೂಟರಿನಲ್ಲಿ ಯಾರು ಪಹಣಿ ತೆಗೆದರೂ ಅವರ ಜಮೀನು ಪರದೆ ಮೀರಿ ಹರಡಿಕೊಂಡಿರುತ್ತದೆ.

ಪಾಲಕರ ಮೊದಲ ಅಸ್ತ್ರ ಲ್ಯಾಮಿನೇಷನ್. ‘ಸೆಟ್ಟಿಂಗ್ಸ್ ಮುಟ್ಟಬಾರದು’ ಎಂಬ ಚೀಟಿ ಮಾನಿಟರಿಗೆ ಅಂಟುತ್ತದೆ. ಅದರ ಕೆಳಗೆ ‘ಕಂಟ್ರೋಲ್ ಹಿಡಿದು ಚಕ್ರ ತಿರುಗಿಸಬಾರದು’ ಎಂದು ಇನ್ನೊಂದು ಬರುತ್ತದೆ. ಅಲ್ಲಿಯವರೆಗೆ ಆ ವಿದ್ಯೆ ಮೇಷ್ಟ್ರಿಗೆ ಮಾತ್ರ ಗೊತ್ತಿತ್ತು, ಅದೂ ಆಕಸ್ಮಿಕವಾಗಿ. ಚೀಟಿ ಓದಿದ ಮೇಲೆ ಹೈಸ್ಕೂಲು ಮಕ್ಕಳೆಲ್ಲ ಕಲಿಯುತ್ತಾರೆ. ಹೊಸ ಚೀಟಿ ಬಿದ್ದಷ್ಟೂ ಹೊಸ ಪಾಠವಾಗುತ್ತದೆ. ಇಂಥ ಉಚಿತ ಕಂಪ್ಯೂಟರ್ ಶಿಕ್ಷಣ ಆ ಊರಿನಲ್ಲಿ ಬೇರೆಲ್ಲೂ ಸಿಗುವುದಿಲ್ಲ.

ಎರಡನೆಯ ಹಂತ ಯೂಟ್ಯೂಬ್. ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಕಾಲದಲ್ಲಿ ರಿಜಿಸ್ಟ್ರಿಯಲ್ಲೊಂದು ಸೊನ್ನೆಯನ್ನು ಒಂದು ಮಾಡಿದರೆ ಮುಖಪುಟದ ಪೆಟ್ಟಿಗೆ ಮಂಕಾಗಿ, ಯಾರ ಕೈಗೂ ಬಗ್ಗುತ್ತಿರಲಿಲ್ಲ. ಅದೇ ಧೈರ್ಯದಲ್ಲಿ ಪಾಲಕರು ಕ್ರೋಮಿನ ಮುಖಪುಟವನ್ನೂ ಬಿಗಿಯಲು ಹೊರಡುತ್ತಾರೆ. ವೀಡಿಯೊ ನಿಲ್ಲಿಸಿ ನಿಲ್ಲಿಸಿ ಅಕ್ಷರಕ್ಕೆ ಅಕ್ಷರ ಟೈಪಿಸುತ್ತಾರೆ. ಆದರೆ ಯಾವ ಕಚೇರಿಯ ಜಾಲಕ್ಕೂ ಸೇರದ ಬಿಡಿ ವಿಂಡೋಸ್ ಯಂತ್ರದಲ್ಲಿ ಕ್ರೋಮ್ ಆ ಆಜ್ಞೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಮುಖಪುಟ ಕದಿಯುವ ಕಳ್ಳ ತಂತ್ರಾಂಶಗಳು ಇದೇ ದಾರಿಯಲ್ಲಿ ನುಗ್ಗುತ್ತಿದ್ದುದರಿಂದ ಗೂಗಲ್ ಆ ಬಾಗಿಲನ್ನೇ ಮುಚ್ಚಿತು. ಕಳ್ಳನಿಗೆಂದು ಹಾಕಿದ ಬೀಗಕ್ಕೆ ಕಾವಲುಗಾರನೇ ಸಿಕ್ಕಿಬೀಳುತ್ತಾನೆ. ಪಾಸ್‌ವರ್ಡ್ ಉಳಿಸದಂತೆ ತಡೆಯುವ ಆಜ್ಞೆ ಮಾತ್ರ ಬಿಡಿ ಯಂತ್ರದಲ್ಲೂ ನಡೆಯುತ್ತದೆ. ಅದು ನಡೆದ ಗುರುತಿಗೆ, ಈ ಬ್ರೌಸರನ್ನು ನಿಮ್ಮ ಸಂಸ್ಥೆ ನಿರ್ವಹಿಸುತ್ತಿದೆ ಎಂಬ ಸಾಲು ಮೆನುವಿನ ತಳದಲ್ಲಿ ಮೂಡುತ್ತದೆ. ಒಂದು ಫ್ಯಾನು, ಎರಡು ಪ್ರಿಂಟರುಗಳ ಅಂಗಡಿ ಆ ಕ್ಷಣದಿಂದ ಸಂಸ್ಥೆಯಾಗುತ್ತದೆ. ಪಾಲಕರು ಆ ಸಾಲನ್ನು ಬಂದವರಿಗೆಲ್ಲ ತೋರಿಸುತ್ತಾರೆ. ತೋರಿಸಲು ಮೂರು ಚುಕ್ಕಿ ಒತ್ತಲೇಬೇಕಾಗುತ್ತದೆ.

ಮೂರನೆಯ ಹಂತದಲ್ಲಿ ಡೀಪ್ ಫ್ರೀಜ್ ಬರುತ್ತದೆ. ಈ ತಂತ್ರಾಂಶ ಹಾಕಿದ ಡಿಸ್ಕಿನಲ್ಲಿ ಯಾರು ಏನೇ ತಿದ್ದಿದರೂ ಕಂಪ್ಯೂಟರ್ ಆರಿ ಹತ್ತಿದ ಕೂಡಲೇ ಎಲ್ಲವೂ ಮೊದಲಿನಂತಾಗುತ್ತದೆ. ಕರೆಂಟು ದಿನಕ್ಕೆ ಹಲವು ಸಲ ಹೋಗುವ ಊರಿನಲ್ಲಿ, ಯುಪಿಎಸ್ ಬ್ಯಾಟರಿಗೂ ವಯಸ್ಸಾಗಿದ್ದರೆ, ಈ ಶುದ್ಧೀಕರಣ ಅಷ್ಟೇ ಸಲ ನಡೆಯುತ್ತದೆ. ಡೆಸ್ಕ್‌ಟಾಪಿನಲ್ಲಿ ಇಟ್ಟ ಹಾಲ್ ಟಿಕೆಟ್ ಮಾಯವಾಗುತ್ತದೆ, ಸ್ಕ್ಯಾನ್ ಮಾಡಿಟ್ಟ ಆಧಾರ್ ಮಾಯವಾಗುತ್ತದೆ. ಕೊನೆಗೆ ಯಾರ ಬಾಕಿ ಎಷ್ಟೆಂದು ಪಾಲಕರೇ ಬರೆದಿಟ್ಟ ಎಕ್ಸೆಲ್ ಹಾಳೆಯೂ ಹೋಗುತ್ತದೆ. ಸಾಲಗಾರರೆಲ್ಲ ಒಂದೇ ಕರೆಂಟಿಗೆ ಋಣಮುಕ್ತರು. ಹೆಪ್ಪುಗಟ್ಟದ ಒಂದು ಡ್ರೈವನ್ನು ಬೇರೆ ಇಡುವ ಸೌಲಭ್ಯ ಆ ತಂತ್ರಾಂಶದಲ್ಲೇ ಇದೆ ಎಂಬುದು ಅನಂತರ ತಿಳಿಯುತ್ತದೆ.

ಇಷ್ಟಾದ ಮೇಲೆ ನಿಲ್ಲುವ ವ್ಯವಸ್ಥೆ ಸಾದಾ ಇರುತ್ತದೆ. ಗಿರಾಕಿಗಳಿಗೆ ವಿಂಡೋಸಿನಲ್ಲಿ ಅಧಿಕಾರವಿಲ್ಲದ ಪ್ರತ್ಯೇಕ ಖಾತೆ. ಅಡ್ಮಿನ್ ಪಾಸ್‌ವರ್ಡು ಪಾಲಕರೊಬ್ಬರಿಗೇ ಗೊತ್ತು. ಕ್ರೋಮನ್ನು ಅತಿಥಿ ವಿಧಾನದಲ್ಲಿ ತೆರೆದರೆ, ಎಲ್ಲ ಕಿಟಕಿ ಮುಚ್ಚಿದೊಡನೆ ಹಿಸ್ಟರಿ, ಕುಕಿ, ಲಾಗಿನ್ ಎಲ್ಲ ಅಳಿಯುತ್ತವೆ. ಫೈರ್‌ಫಾಕ್ಸ್ ಇಟ್ಟುಕೊಂಡವರಿಗೆ ಕೆಲಸ ಇನ್ನೂ ಹಗುರ: ಅದರ ಫೋಲ್ಡರಿನಲ್ಲಿ ಪಾಲಿಸೀಸ್ ಎಂಬ ಪುಟ್ಟ ಕಡತವೊಂದನ್ನಿಟ್ಟರೆ ಬಿಡಿ ಯಂತ್ರದಲ್ಲೂ ಮುಖಪುಟ ಭದ್ರ. ತೊಡಕೊಂದು ಉಳಿಯುತ್ತದೆ. ಗಿರಾಕಿಯ ಕ್ಷೇಮಕ್ಕಾಗಿ ಹಿಸ್ಟರಿ ಅಳಿಸಬೇಕು, ನಿಯಮದ ಪ್ರಕಾರ ವರ್ಷವಿಡೀ ಉಳಿಸಬೇಕು. ಎರಡೂ ನಡೆಯಬೇಕಾದರೆ ದಾಖಲೆಯನ್ನು ಬ್ರೌಸರಿಗೆ ಬಿಡದೆ, ಕೌಂಟರಿನ ಕಂಪ್ಯೂಟರಿನಲ್ಲಿ ಪ್ರಾಕ್ಸಿ ಕೂರಿಸಿ ಅಲ್ಲಿ ಇಡಬೇಕು.

ಈ ವ್ಯವಸ್ಥೆ ಬಂದಲ್ಲಿ ಸೆಟ್ಟಿಂಗ್ ಕೆಡುವುದು ನಿಲ್ಲುತ್ತದೆ. ಮೇಷ್ಟ್ರು ಅಕ್ಷರ ಎಷ್ಟು ಬೇಕಾದರೂ ಹಿಗ್ಗಿಸಿಕೊಳ್ಳಬಹುದು. ಅವರು ಎದ್ದೊಡನೆ ಪಹಣಿ ತನ್ನ ಅಳತೆಗೆ ಮರಳುತ್ತದೆ. ಕೂಗಲು ಕಾರಣವೇ ಉಳಿಯದ ಪಾಲಕರು ಒಂದೆರಡು ದಿನ ಮಂಕಾಗಿರುತ್ತಾರೆ. ಆಮೇಲೆ ಗೋಡೆಯ ಮೇಲಿನ ಫ್ಯಾನಿನ ರೆಗ್ಯುಲೇಟರ್ ಕಣ್ಣಿಗೆ ಬೀಳುತ್ತದೆ, ಲ್ಯಾಮಿನೇಷನ್ ಮೆಷೀನು ಮತ್ತೆ ಬಿಸಿಯಾಗುತ್ತದೆ.