ಗುಜರಿ ಡ್ರಮ್ಮಿನ ಮರುಹುಟ್ಟು

ನಮ್ಮ ಕೋಲಾರದ ಕಡೆ 200 ಲೀಟರ್ ಎಣ್ಣೆ ಡ್ರಮ್ಮಿಗೆ ನಿವೃತ್ತಿ ಎಂಬುದೇ ಇಲ್ಲ. ಎಣ್ಣೆ ಮುಗಿದರೆ ನೀರಿಗೆ, ತಳ ತೂತಾದರೆ ಗುಜರಿಗೆ, ಗುಜರಿಯಿಂದ ನೇರ ಡಾಬಾಕ್ಕೆ! ಹೊಟ್ಟೆಯೊಳಗೆ ಮಣ್ಣಿನ ಗುಡಾಣ, ಸುತ್ತ ಮರಳು ತುಂಬಿಸಿಕೊಂಡು ತಂದೂರಿ ಒಲೆಯಾಗಿ ಕೂರುತ್ತದೆ. ಉದ್ದಕ್ಕೆ ಸೀಳಿ ಜಾಲರಿ ಹಾಸಿದರೆ ಕೋಳಿ ಸುಡುವ ತೊಟ್ಟಿ.

ಮನೆಗೊಂದು ಮಾಡಿಸೋಣವೆಂದರೆ ತಾಲ್ಲೂಕಿಗೊಂದು ಸಲಹೆ. ಮಾಲೂರಿನ ನೆಂಟರು, "ಒಳಗೆ ನಮ್ಮೂರ ಇಟ್ಟಿಗೆ ಕಟ್ಟಿಸಿ, ಶಾಖ ನಿಲ್ತದೆ" ಅಂತಾರೆ. ಶ್ರೀನಿವಾಸಪುರದವರು, "ಮಾವಿನ ಸೌದೆ ಹಾಕಿ, ಹೊಗೆಗೇ ಒಂದು ರುಚಿ." ಮುಳಬಾಗಿಲಿನವರು, "ಅದೆಲ್ಲ ಯಾಕೆ? ಮೇಲೊಂದು ಕಾವಲಿ ಇಟ್ಟು ದೋಸೆ ಹುಯ್ಯಿರಿ!"

ವೆಲ್ಡಿಂಗ್ ಅಂಗಡಿಯವನದು ಒಂದೇ ಪ್ರಶ್ನೆ: "ಸಾರ್, ಇದರೊಳಗೆ ಮೊದಲೇನಿತ್ತು?" ಕೇಳಬೇಕಾದ್ದೇ. ಪೆಟ್ರೋಲಿನ ಆವಿ ಉಳಿದಿದ್ದರೆ ಕಿಡಿ ತಗುಲಿದ ಕೂಡಲೇ ಡ್ರಮ್ಮು ಸಿಡಿಯುತ್ತದೆ. ಅಡುಗೆಗೆ ಮುಂಚೆ ಖಾಲಿ ಉರಿಸಿ ಬಣ್ಣವನ್ನೆಲ್ಲ ಸುಟ್ಟುಹಾಕಬೇಕು. ಸತುವಿನ ಲೇಪದ ತಗಡಂತೂ ಬೇಡವೇ ಬೇಡ. ಕಾದರೆ ಅದರ ಹೊಗೆಗೇ ಜ್ವರ ಬರುತ್ತದೆ.

ಇಷ್ಟೆಲ್ಲ ಮುಗಿದು ಒಲೆ ಸಿದ್ಧವಾಗುವಷ್ಟರಲ್ಲಿ ಶ್ರಾವಣ. ಕೋಳಿಗೆ ರಜೆ, ಜಾಲರಿಯ ಮೇಲೆ ಮುಸುಕಿನ ಜೋಳ. ಅಜ್ಜಿ ಮಾತ್ರ ತೆನೆ ತಿರುಗಿಸುತ್ತಾ, "ಈ ಸಂಪತ್ತಿಗೆ ಮೂರು ಕಲ್ಲು ಸಾಲದಿತ್ತೇನೋ?" ಅಂದರು.